ತಪ್ಪಿಸಿದ ಗೋಲನ್ನು ಎಣಿಸುವವರಾರು?

ನಮ್ಮ ದೊಡ್ಡಪ್ಪ ಸೈನ್ಯದಲ್ಲಿದ್ದವರು. 1960ರ ದಶಕದ ಮೊದಲ ಭಾಗದಲ್ಲಿ ಕೆಲವು ವರ್ಷ ಅವರಿಗೆ ಕಲ್ಕತ್ತೆಯಲ್ಲಿ ಕೆಲಸವಿತ್ತು. ನಿವೃತ್ತರಾಗಿ ಊರಿಗೆ ಬಂದ ಮೇಲೆ ಮಕ್ಕಳಾದ ನಾವು ಯುದ್ಧದ ಕಥೆ ಕೇಳಬೇಕೆಂದು ಅವರನ್ನು ಮುತ್ತಿಕೊಳ್ಳುತ್ತಿದ್ದೆವು. ಅವರು ಹೇಳುತ್ತಿದ್ದುದು ಮಾತ್ರ ಫುಟ್‌ಬಾಲ್ ಕಥೆ. ಭಾನುವಾರದ ಪೂಜೆ ಮುಗಿಸಿ ಬಂದು ಜಗಲಿಯ ಮೇಲೆ ಕುಳಿತರೆಂದರೆ ಕಲ್ಕತ್ತೆಯ ಮೈದಾನ, ಮಳೆಯಲ್ಲಿ ನೆನೆದ ಹುಲ್ಲು, ಟಿಕೆಟ್ಟಿಗಾಗಿ ಬೆಳಗಿನಿಂದ ನಿಂತ ಸಾಲು ಎಲ್ಲವೂ ನಮ್ಮ ಕಣ್ಣ ಮುಂದೆ ಬರುತ್ತಿತ್ತು. ಅವರ ತಂಡ ಮೋಹನ್ ಬಾಗಾನ್. ಅವರ ಬಾಯಲ್ಲಿ ಸದಾ ಬರುತ್ತಿದ್ದುದು ಎರಡು ಹೆಸರು: ಮುಂದಿನ ಸಾಲಿನಲ್ಲಿ ಆಡುತ್ತಿದ್ದ ಚುನಿ ಗೋಸ್ವಾಮಿ, ಹಿಂದಿನ ಸಾಲನ್ನು ಕಾಯುತ್ತಿದ್ದ ಜರ್ನೈಲ್ ಸಿಂಗ್.

"ದೊಡ್ಡಪ್ಪ, ಇಬ್ಬರಲ್ಲಿ ಯಾರು ದೊಡ್ಡೋರು?" ಎಂದು ಒಮ್ಮೆ ನಾನು ಕೇಳಿದೆ.

"ಚುನಿ ಆಟ ನೋಡೋಕೆ ಅಂತ ಹೋಗ್ತಿದ್ವಿ ಮಗಾ," ಎಂದರು ಅವರು. "ಜರ್ನೈಲ್ ಇದ್ದಾನೆ ಅಂತ ನಿಶ್ಚಿಂತೆಯಾಗಿ ಕೂತು ನೋಡ್ತಿದ್ವಿ."

ಆಗ ಇದು ಪ್ರಶ್ನೆಗೆ ಸಿಕ್ಕ ಉತ್ತರವೆಂದು ನನಗೆ ಅನಿಸಲಿಲ್ಲ. ದೊಡ್ಡವರು ಮಕ್ಕಳ ಬಾಯಿ ಮುಚ್ಚಿಸಲು ಹೇಳುವ ಮಾತಿನಂತೆ ಕೇಳಿಸಿತು. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಆ ಮಾತು ಈಗೀಗ ನನ್ನನ್ನು ಕಾಡುತ್ತಿದೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಆ ಇಬ್ಬರ ವಿಷಯ.

ಚುನಿ ಗೋಸ್ವಾಮಿ ಹುಟ್ಟಿದ್ದು 1938ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿದ ಕಿಶೋರ್‌ಗಂಜ್‌ನಲ್ಲಿ. ಎಂಟು ವರ್ಷದ ಹುಡುಗನಾಗಿದ್ದಾಗಲೇ ಮೋಹನ್ ಬಾಗಾನ್ ಕ್ಲಬ್ಬಿನ ಕಿರಿಯರ ತಂಡ ಸೇರಿದರು. 1954ರಲ್ಲಿ ಹಿರಿಯರ ತಂಡಕ್ಕೆ ಬಂದವರು 1968ರಲ್ಲಿ ಆಟ ನಿಲ್ಲಿಸುವ ತನಕ ಬೇರೊಂದು ಕ್ಲಬ್ಬಿನ ಅಂಗಿ ತೊಡಲಿಲ್ಲ. ಚೆಂಡು ಅವರ ಕಾಲಿಗೆ ಅಂಟಿಕೊಂಡೇ ಇರುತ್ತಿತ್ತೆಂದು ದೊಡ್ಡಪ್ಪ ಹೇಳುತ್ತಿದ್ದರು. ಇಬ್ಬರು ಮೂವರನ್ನು ದಾಟಿ ಹೋದರೂ ಓಡಿದವರ ಆಯಾಸ ಮುಖದಲ್ಲಿ ಕಾಣುತ್ತಿರಲಿಲ್ಲವಂತೆ. ಫುಟ್‌ಬಾಲ್ ಸಾಲದೆಂಬಂತೆ ಬಂಗಾಳದ ಪರ ಕ್ರಿಕೆಟ್ ಕೂಡ ಆಡಿದರು. ಅವರ ನಾಯಕತ್ವದಲ್ಲಿ ಬಂಗಾಳ ತಂಡ 1971-72ರ ರಣಜಿ ಫೈನಲ್ ತಲುಪಿತು. ಕೆಲವರಿಗೆ ದೇವರು ಎರಡೂ ಕೈಯಲ್ಲಿ ಕೊಡುತ್ತಾನೆ.

ಜರ್ನೈಲ್ ಸಿಂಗ್ 1936ರಲ್ಲಿ ಪಂಜಾಬಿನ ಲಯಾಲ್‌ಪುರದ ಕಡೆ ಹುಟ್ಟಿದವರು. ಹನ್ನೊಂದರ ವಯಸ್ಸಿನಲ್ಲಿ ದೇಶವಿಭಜನೆಯನ್ನು ಕಂಡರು. ಮನೆ ಮಠ ಬಿಟ್ಟು ಗಡಿಯ ಈಚೆಗೆ ಬಂದ ಕುಟುಂಬ ಅವರದು. 1959ರಲ್ಲಿ ಮೋಹನ್ ಬಾಗಾನ್ ಸೇರಿದರು. ಎದುರಾಳಿಗೆ ಇವರೆಂದರೆ ಭಯ. ಚೆಂಡಿಗಾಗಿ ನೆಲಕ್ಕೆ ಜಾರಿ ಬಂದರೆಂದರೆ ಚೆಂಡಾದರೂ ಹೋಗಬೇಕು, ಚೆಂಡಿನ ಜೊತೆ ಬಂದವನಾದರೂ ಹೋಗಬೇಕು. ಈ ಇಬ್ಬರೂ ಜೊತೆಗಿದ್ದ ಕಾಲದಲ್ಲಿ ಮೋಹನ್ ಬಾಗಾನ್ 1962ರಿಂದ 1965ರವರೆಗೆ ಸತತ ನಾಲ್ಕು ವರ್ಷ ಕಲ್ಕತ್ತಾ ಲೀಗ್ ಗೆದ್ದಿತು. 1963, 1964, 1965ರಲ್ಲಿ ಡ್ಯುರಾಂಡ್ ಕಪ್ಪನ್ನೂ ತಂದಿತು.

ಇನ್ನು ಪ್ರಶ್ನೆಗೆ ಬರೋಣ. ಪಂದ್ಯ ಮುಗಿದ ಮರುದಿನ ಪತ್ರಿಕೆ ತೆರೆದರೆ ಗೋಲು ಹೊಡೆದವನ ಹೆಸರು, ಹೊಡೆದ ನಿಮಿಷ ಎಲ್ಲವೂ ಇರುತ್ತವೆ. ಗೋಲಾಗದಂತೆ ತಡೆದವನಿಗೆ ಅಲ್ಲಿ ಕಾಲಂ ಇಲ್ಲ. ಹೇಗೆ ತಾನೇ ಇದ್ದೀತು? ಆಗದೇ ಹೋದದ್ದನ್ನು ಎಣಿಸುವುದು ಹೇಗೆ? ಎದುರಾಳಿಯ ದಾರಿಯನ್ನು ಮೊದಲೇ ಊಹಿಸಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತವನಿಂದಾಗಿ ಆ ಕಡೆಗೆ ಪಾಸೇ ಬರಲಿಲ್ಲ ಎನ್ನಿ. ಕಣ್ಣಿಗೆ ಕಾಣುವಂಥದ್ದು ಅಲ್ಲಿ ಏನೂ ನಡೆಯಲಿಲ್ಲ. ಡಿಫೆಂಡರ್ ಎಷ್ಟು ಚೆನ್ನಾಗಿ ಆಡಿದರೆ ಅಷ್ಟು ಕಡಿಮೆ ಕಾಣುತ್ತಾನೆ. ಅವನ ಹೆಸರು ಬರೆಯಲ್ಪಡುವುದು ತಪ್ಪು ಮಾಡಿದಾಗ: ಪೆನಾಲ್ಟಿ ಕೊಟ್ಟಾಗ, ತನ್ನದೇ ಗೋಲಿಗೆ ಚೆಂಡು ಹಾಕಿಕೊಂಡಾಗ.

ಸರ್ಕಾರದ ಮಾನ್ಯತೆಯೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ನಡೆಯಿತು. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಫುಟ್‌ಬಾಲಿಗೆ ಮೊದಲ ಮೂರು ವರ್ಷ ಅದು ಸಂದದ್ದು ಪಿ.ಕೆ. ಬ್ಯಾನರ್ಜಿ, ಬಲರಾಮ್, ಚುನಿ ಗೋಸ್ವಾಮಿ ಅವರಿಗೆ. ಮೂವರೂ ಮುಂದಿನ ಸಾಲಿನವರು. ನಾಲ್ಕನೆಯ ವರ್ಷ, 1964ರಲ್ಲಿ, ಜರ್ನೈಲ್ ಸಿಂಗ್ ಸರದಿ ಬಂತು. ಆದರೆ ಯಾವಾಗಲೂ ಹೀಗೇ ಎನ್ನುವಂತಿಲ್ಲ. ಪದ್ಮಶ್ರೀ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಮೋಹನ್ ಬಾಗಾನಿನ ಹಳೆಯ ಡಿಫೆಂಡರ್ ಗೋಷ್ಠ ಪಾಲ್. ಅದು 1962ರ ಮಾತು. ಬರಿಗಾಲಲ್ಲಿ ಆಡುತ್ತಿದ್ದ ಅವರನ್ನು ಜನ ಚೀನಾದ ಮಹಾಗೋಡೆ ಎಂದು ಕರೆಯುತ್ತಿದ್ದರು. ಕಲ್ಕತ್ತೆಯಲ್ಲಿ ಅವರ ಪ್ರತಿಮೆಯೂ ಇದೆ. ಅದಕ್ಕೂ ಹಿಂದೆ, 1911ರ ಜುಲೈ 29ರಂದು ಇದೇ ಕ್ಲಬ್ಬು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಾಗ ಗೋಲು ಹೊಡೆದವರು ಶಿವದಾಸ್ ಭಾದುರಿ ಮತ್ತು ಅಭಿಲಾಷ್ ಘೋಷ್. ಆ ಹೆಸರುಗಳು ಬಂಗಾಳದ ಮನೆಮನೆಗೂ ಗೊತ್ತು. ಆ ದಿನ ಎಡಗಡೆಯ ಬ್ಯಾಕ್ ಆಗಿ ಆಡಿದವರು ಕ್ರೈಸ್ತರಾದ ಸುಧೀರ್ ಚಟರ್ಜಿ. ಅವರನ್ನು ಮುಂದೆ ಜನ ರೆವರೆಂಡ್ ಸುಧೀರ್ ಚಟರ್ಜಿ ಎಂದೇ ಕರೆದರು. ತಂಡದಲ್ಲಿ ಬೂಟು ಹಾಕಿ ಆಡಿದವರು ಅವರೊಬ್ಬರೇ. ಅವರ ಬೂಟನ್ನು ನೆನೆಯುತ್ತಾರೆ, ಆಟವನ್ನು ನೆನೆಯುವವರು ಕಡಿಮೆ.

ಹಾಗಾದರೆ ಡಿಫೆಂಡರನೇ ದೊಡ್ಡವನು, ಲೋಕ ಅವನಿಗೆ ಅನ್ಯಾಯ ಮಾಡಿದೆ ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಳ್ಳಬಹುದೇ? ನನಗೆ ಅದು ಸರಿಯೆನಿಸುವುದಿಲ್ಲ. ಎಷ್ಟು ತಡೆದರೂ ತಡೆಯುವುದರಿಂದಷ್ಟೇ ಯಾರೂ ಗೆಲ್ಲಲಾರರು. ಹೆಚ್ಚೆಂದರೆ ಸೊನ್ನೆ ಸೊನ್ನೆ. ಆಟದ ನಿಯಮ ಮಾಡುವವರೇ ಇದನ್ನು ಯೋಚಿಸಿದ್ದಾರೆ. ಹಿಂದೆ ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಗೆಲುವಿಗೆ ಮೂರು ಅಂಕ ಕೊಡುವ ಪದ್ಧತಿ ಇಂಗ್ಲೆಂಡಿನ ಲೀಗಿಗೆ 1981ರಲ್ಲಿ ಬಂತು, ವಿಶ್ವಕಪ್ಪಿಗೆ 1994ರಲ್ಲಿ. ಎಲ್ಲರೂ ಗೋಲಿನ ಮುಂದೆ ಗೋಡೆ ಕಟ್ಟಿ ಕುಳಿತರೆ ಆಟವೇ ಉಳಿಯುವುದಿಲ್ಲವೆಂಬ ಭಯ ಅವರಿಗೆ. ಗೋಲು ಹೊಡೆಯುವವನ ಕಷ್ಟವೂ ಸಣ್ಣದಲ್ಲ. ಅವನು ಹತ್ತು ಸಲ ಪ್ರಯತ್ನಿಸಿ ಒಂಬತ್ತು ಸಲ ಸೋಲುತ್ತಾನೆ, ಅದೂ ಸಾವಿರಾರು ಜನರ ಎದುರಿಗೆ. ಹತ್ತನೆಯ ಸಲವೂ ನಾಚಿಕೆ ಬಿಟ್ಟು ಮುಂದೆ ಹೋಗುವುದಕ್ಕೆ ಒಂದು ಬಗೆಯ ಧೈರ್ಯ ಬೇಕು.

ಇನ್ನೊಂದು ಮಾತೂ ಇದೆ. ತಡೆದವನು ತಾನು ಏನನ್ನು ತಡೆದೆನೆಂಬುದನ್ನು ರುಜುವಾತು ಮಾಡಲಾರ. ಆದ್ದರಿಂದ ಅದನ್ನು ದೊಡ್ಡದು ಮಾಡಿ ಹೇಳಲೂಬಹುದು. ನಮ್ಮ ಮನೆಗಳಲ್ಲಿ ಇಂಥವರನ್ನು ಕಂಡಿಲ್ಲವೇ? ಮಗಳನ್ನು ಹಾಸ್ಟೆಲಿಗೆ ಕಳಿಸದ ತಂದೆ, ಮಗನಿಗೆ ಸೈಕಲ್ ಕೊಡಿಸದ ತಾಯಿ. 'ನಾನು ಬೇಡವೆಂದದ್ದಕ್ಕೇ ನೀನು ಉಳಿದೆ' ಎಂದು ಜೀವನಪೂರ್ತಿ ಹೇಳುತ್ತಾರೆ. ಯಾವ ಅಪಾಯ ತಪ್ಪಿತೆಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಕಾಯುವವನು ಯಾರನ್ನೂ ಹೊರಗೆ ಬಿಡದ ಬಾಗಿಲಾಗಿಬಿಡುವುದೂ ಉಂಟು. ಕಾಣದ ಸೇವೆಯೆಲ್ಲ ದೊಡ್ಡ ಸೇವೆಯೆಂದು ಕಣ್ಣು ಮುಚ್ಚಿ ಒಪ್ಪಿಕೊಂಡರೆ ಇವರಿಗೂ ಹಾರ ಹಾಕಬೇಕಾದೀತು.

ದೊಡ್ಡಪ್ಪ ಅತಿ ಹೆಚ್ಚು ಸಲ ಹೇಳಿದ್ದು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕಥೆ. ಅದನ್ನು ಅವರು ನೋಡಿರಲಿಲ್ಲ, ರೇಡಿಯೊದಲ್ಲಿ ಕೇಳಿದ್ದರು. 2024ರಲ್ಲಿ 'ಮೈದಾನ್' ಎಂಬ ಹಿಂದಿ ಚಿತ್ರ ಬಂದ ಮೇಲೆ ನಮ್ಮ ಮನೆಯ ಹುಡುಗರಿಗೂ ಆ ಕಥೆ ಗೊತ್ತಾಗಿದೆ. ಭಾರತ ತಂಡಕ್ಕೆ ಚುನಿ ನಾಯಕ, ಸೈಯದ್ ಅಬ್ದುಲ್ ರಹೀಂ ತರಬೇತುದಾರ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಎದುರು 0-2ರ ಸೋಲು. ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಹೊಲಿಗೆಯ ತಲೆಯಲ್ಲಿ ಹಿಂದಿನ ಸಾಲು ಕಾಯುವುದು ಕಷ್ಟ. ರಹೀಂ ಸಾಹೇಬರು ಅವರನ್ನು ಮನೆಗೆ ಕಳಿಸಲಿಲ್ಲ, ಬೆಂಚಿನ ಮೇಲೂ ಕೂರಿಸಲಿಲ್ಲ. ಮುಂದಿನ ಸಾಲಿಗೆ ಕಳಿಸಿದರು! ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3-2ರ ಗೆಲುವು. ಎರಡು ಗೋಲು ಚುನಿಯವು, ಒಂದು ಜರ್ನೈಲ್ ಅವರದು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಕೊರಿಯ. ಕೂಟಕ್ಕೆ ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕರೆಯದಿದ್ದುದನ್ನು ಭಾರತದ ಅಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಅಲ್ಲಿನ ಜನಕ್ಕೆ ನಮ್ಮ ಮೇಲೆ ಸಿಟ್ಟಿತ್ತು. ಕ್ರೀಡಾಂಗಣವಿಡೀ ಭಾರತದ ವಿರುದ್ಧ ಕೂಗುತ್ತಿತ್ತು. ಮೊದಲ ಗೋಲು ಪಿ.ಕೆ. ಬ್ಯಾನರ್ಜಿಯವರದು, ಎರಡನೆಯದು ಜರ್ನೈಲ್ ಸಿಂಗ್ ಅವರದು. ಕೊನೆಯಲ್ಲಿ ಕೊರಿಯ ಒಂದನ್ನು ಹಿಂತಿರುಗಿಸಿತು. 2-1ರಿಂದ ಚಿನ್ನ ನಮ್ಮದಾಯಿತು. ಕ್ಯಾನ್ಸರಿನಿಂದ ಬಳಲುತ್ತಿದ್ದ ರಹೀಂ ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು.

ಒಂದು ಸಂಗತಿ ಗಮನಿಸಿ. ಹತ್ತು ವರ್ಷ ಗೋಲು ತಡೆದ ಜರ್ನೈಲ್ ಸಿಂಗ್ ಹೆಸರನ್ನು ಇಂದು ಯಾರಾದರೂ ಹೇಳಿದರೆ ತಪ್ಪದೆ ಹೇಳುವುದು ಜಕಾರ್ತಾದಲ್ಲಿ ಅವರು ಹೊಡೆದ ಗೋಲನ್ನು. ಜಾಗ ಬಿಟ್ಟು ಮುಂದೆ ಹೋದದ್ದಕ್ಕೇ ಕಣ್ಣಿಗೆ ಬಿದ್ದರು. ಅವರು ಬಿಟ್ಟುಹೋದ ಜಾಗ ಆ ದಿನ ಖಾಲಿ ಇತ್ತೇ? ಅರುಣ್ ಘೋಷ್ ಇದ್ದರು, ಚಂದ್ರಶೇಖರ್ ಇದ್ದರು, ತ್ರಿಲೋಕ್ ಸಿಂಗ್ ಇದ್ದರು, ಅವರ ಹಿಂದೆ ಗೋಲಿನಲ್ಲಿ ಪೀಟರ್ ತಂಗರಾಜ್. ಮೊದಲ ಪಂದ್ಯದಲ್ಲಿ ಎರಡು ಗೋಲು ಹೊಡೆದಿದ್ದ ಅದೇ ಕೊರಿಯವನ್ನು ಅವರು ಒಂದೇ ಗೋಲಿಗೆ ನಿಲ್ಲಿಸಿದರು. ನಾನು ಈ ಹೆಸರುಗಳನ್ನು ತಿಳಿದದ್ದು ಬಹಳ ತಡವಾಗಿ. ದೊಡ್ಡಪ್ಪನಿಗೆ ಎಲ್ಲವೂ ಬಾಯಿಪಾಠವಿತ್ತು. ಕಲ್ಕತ್ತೆಯಲ್ಲಿ ಅವರು ಸಾಧ್ಯವಾದಾಗಲೆಲ್ಲ ತಮ್ಮ ತಂಡದ ಗೋಲಿನ ಹಿಂಬದಿಗೆ ಹೋಗಿ ಕೂರುತ್ತಿದ್ದರಂತೆ. ತಡೆದದ್ದು ಎಣಿಕೆಗೆ ಸಿಗುವುದಿಲ್ಲ, ನಿಜ. ಆದರೆ ಹತ್ತಿರದಲ್ಲಿ ಕೂತವನ ಕಣ್ಣಿಗೆ ಸಿಗುತ್ತದೆ. ಯಾರು ನಿಜವಾಗಿ ತಡೆದರು, ಯಾರು ಸುಮ್ಮನೆ ಕಾಲು ಬೀಸಿದರು ಎಂಬುದು ಗೋಲಿಯಾಗಿದ್ದ ತಂಗರಾಜ್‌ಗೆ ಗೊತ್ತಿರದೇ ಇದ್ದೀತೇ?

ಈಗ ನನ್ನ ಮನೆಯ ವಿಷಯ. ಅಮ್ಮ ಪಾರ್ಶ್ವವಾಯು ಬಡಿದು ಆರು ವರ್ಷ ಹಾಸಿಗೆ ಹಿಡಿದಿದ್ದರು. ನೋಡಿಕೊಂಡವಳು ಊರಿನಲ್ಲಿದ್ದ ಅಕ್ಕ. ನಾನು ಬೆಂಗಳೂರಿನಿಂದ ಹಣ ಕಳಿಸುತ್ತಿದ್ದೆ. ಆಸ್ಪತ್ರೆಯಲ್ಲಿರುವಂಥ ಮಂಚ ತಂದುಕೊಟ್ಟೆ, ಗಾಳಿ ತುಂಬುವ ಹಾಸಿಗೆ ತಂದೆ, ಬಚ್ಚಲಿಗೆ ಹೊಸ ನೆಲ ಹಾಕಿಸಿದೆ. ಬಂದವರೆಲ್ಲ ಮಂಚವನ್ನು ಮುಟ್ಟಿ ನೋಡಿ, ಮಗನೆಂದರೆ ಹೀಗಿರಬೇಕು ಎನ್ನುತ್ತಿದ್ದರು. ಅಕ್ಕ ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದಳು. ಆರು ವರ್ಷ ಮಲಗಿದ ಅಮ್ಮನ ಬೆನ್ನಿನಲ್ಲಿ ಒಂದೇ ಒಂದು ಹುಣ್ಣಾಗಲಿಲ್ಲ. ಇಲ್ಲದ ಹುಣ್ಣನ್ನು ಯಾರು ನೋಡುತ್ತಾರೆ? ಕೊನೆಗಾಲದಲ್ಲಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಒಬ್ಬ ನರ್ಸಮ್ಮ ಮಾತ್ರ ಬೆನ್ನು ನೋಡಿ, "ಇವರನ್ನು ನೋಡಿಕೊಂಡವರು ಯಾರು?" ಎಂದು ಕೇಳಿದರು. ಆ ಕೆಲಸ ಬಲ್ಲವರು ಅವರು.

ಆ ಆರು ವರ್ಷದಲ್ಲಿ ಅಕ್ಕ ಒಂದೇ ಸಲ ನಾಲ್ಕು ದಿನ ವೇಳಾಂಕಣ್ಣಿಗೆ ಹೋಗಿದ್ದಳು. ಅಷ್ಟು ದಿನ ನಾನಿದ್ದೆ. ಮೊದಲ ರಾತ್ರಿ ಗಡಿಯಾರಕ್ಕೆ ಅಲಾರಂ ಇಟ್ಟು ಎದ್ದೆ, ಎರಡನೆಯ ರಾತ್ರಿ ಎರಡು ಸಲ ಎದ್ದೆ, ಮೂರನೆಯ ರಾತ್ರಿ ಎಚ್ಚರವಾದಾಗ ಬೆಳಗಾಗಿತ್ತು. ಅಮ್ಮನ ಸೊಂಟದ ಹತ್ತಿರ ಅಂಗೈಯಷ್ಟು ಅಗಲ ಕೆಂಪಗಾಗಿತ್ತು. ಅಕ್ಕ ಬಂದವಳು ಚೀಲ ಕೆಳಗಿಟ್ಟು ನೇರವಾಗಿ ಅಮ್ಮನ ಹತ್ತಿರ ಹೋದಳು. ನೋಡಿದಳು. ನನಗೆ ಬಯ್ಯಲಿಲ್ಲ. "ಇನ್ನು ಮೂರು ದಿನ ಆ ಮಗ್ಗುಲಿಗೆ ಮಲಗಿಸಬಾರದು ಕಣೋ," ಎಂದಷ್ಟೇ ಹೇಳಿ ದಿಂಬು ಸರಿಮಾಡಿದಳು. ಹುಣ್ಣಾಗದಂತೆ ಉಳಿಸಿದ್ದೂ ಅವಳೇ.

ಅಮ್ಮ ತೀರಿಕೊಂಡ ತಿಂಗಳಿನ ಪೂಜೆಯಾದ ಮೇಲೆ ಮನೆಯಲ್ಲಿ ಊಟವಿತ್ತು. ನೆಂಟರಲ್ಲಿ ಹಿರಿಯರೊಬ್ಬರು ಎದ್ದು ನಿಂತು, ತಾಯಿಗಾಗಿ ಇಷ್ಟು ಖರ್ಚು ಮಾಡಿದ ಮಗನೆಂದು ನನ್ನ ಹೆಸರು ಹಿಡಿದು ಹೊಗಳಿದರು. ಎಲ್ಲರೂ ತಲೆದೂಗಿದರು. ನಾನು ಒಂದು ಮಾತು ಹೇಳಬಹುದಿತ್ತು. ಸಂಕೋಚವೆಂದು ಆಗ ನನಗೆ ನಾನೇ ಹೇಳಿಕೊಂಡೆ, ಆದರೆ ಹೊಗಳಿಕೆ ಹಿತವಾಗಿತ್ತು ಎಂಬುದೇ ನಿಜ. ಅಕ್ಕ ಅಡುಗೆಮನೆಯಲ್ಲಿದ್ದಳು, ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಈ ಬರಹ ಅಚ್ಚಾದ ಮೇಲೆ ಊರಿಗೆ ಹೋಗಿ ಅವಳಿಗೆ ಓದಿ ಹೇಳಬೇಕೆಂದಿದ್ದೇನೆ.