ಹತ್ತು ಪ್ರಶ್ನೆಚಿಹ್ನೆ

“ಮಾವ, ಫೋಟೊ ಬಂತು, ಊರ ಹೆಸರು ಮಾತ್ರ ಬರ್ತಿಲ್ಲ,” ಎಂದ ಅಕ್ಕನ ಮಗ. ಮೂಕಂಡಪಲ್ಲಿಯ ಬಾಡಿಗೆ ಕೋಣೆ, ರಾತ್ರಿ ಹನ್ನೊಂದರ ಹೊತ್ತು. ಅವನಿಗೆ ಹಗಲು ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಪಾಳಿ, ರಾತ್ರಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಲಿಕೆ. ಹೊಸೂರಿನ ಸುತ್ತಲ ಊರುಗಳ ಹೆಸರನ್ನು ಕನ್ನಡದಲ್ಲಿ ಮೊಬೈಲಿಗೆ ಕಳಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಜಾವಾದ ಸ್ಪ್ರಿಂಗ್ ಬೂಟ್ ಎಂಬ ಚೌಕಟ್ಟಿನಲ್ಲಿ ಕಟ್ಟಿದ್ದ. ಚಂದ್ರಚೂಡೇಶ್ವರನ ಬೆಟ್ಟದ ಫೋಟೊ ಬಂದಿತ್ತು, ಪುಟದ ಕನ್ನಡ ತಲೆಬರಹವೂ ಬಂದಿತ್ತು. ‘ಮೂಕಂಡಪಲ್ಲಿ’ ಇರಬೇಕಾದ ಕಡೆ ಮಾತ್ರ ಹತ್ತು ಪ್ರಶ್ನೆಚಿಹ್ನೆ ಸಾಲಾಗಿ ನಿಂತಿದ್ದವು.

ನಮ್ಮ ಕಣ್ಣಿಗೆ ಅದು ಐದೇ ಅಕ್ಷರ. ಕೊಂಬು, ಸೊನ್ನೆ, ಗುಡಿಸು, ಒತ್ತಿನ ವಿರಾಮ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುವ ಯುನಿಕೋಡ್‌ಗೆ ಹತ್ತು. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 30.

ತಲೆಬರಹ ಹೇಗೆ ಉಳಿಯಿತು? ಅದು ‘ಸ್ಟಾಟಿಕ್’ ಫೋಲ್ಡರಿನ ಕಡತದಲ್ಲಿತ್ತು. ಅಲ್ಲಿರುವುದನ್ನು ಸರ್ವರ್ ಓದಿ ಅರ್ಥಮಾಡಿಕೊಳ್ಳುವುದಿಲ್ಲ. ಅಂಟಿಸಿದ ಲಕೋಟೆಯನ್ನು ಅಂಚೆಯವರು ತಲುಪಿಸುವ ಹಾಗೆ ಇದ್ದ ಬೈಟ್‌ಗಳನ್ನೇ ದಾಟಿಸುತ್ತದೆ. ಊರ ಹೆಸರುಗಳನ್ನು ಮೊಬೈಲಿಗೆ ಹೊತ್ತೊಯ್ಯುವ ಜೇಸನ್ ಎಂಬ ಪಠ್ಯರೂಪ ಹಾಗಲ್ಲ. ಕೇಳಿದಾಗಲೆಲ್ಲ ಪ್ರೋಗ್ರಾಂ ಅದನ್ನು ಹೊಸದಾಗಿ ಬರೆಯಬೇಕು. ಬರೆಯುವವನಿಗೆ ಲಿಪಿ ಗೊತ್ತಿರಬೇಕು. ಹುಡುಗ ಜೇಸನ್ನನ್ನು ತಾನೇ ಜೋಡಿಸಿ ಬೈಟ್ ಮಾಡಿದ್ದ, ಯಾವ ಸಂಕೇತಕ್ರಮ ಎಂದು ಹೇಳಿರಲಿಲ್ಲ. 2022ರಲ್ಲಿ ಬಂದ ಜಾವಾ 18ಕ್ಕಿಂತ ಹಿಂದಿನ ಆವೃತ್ತಿಗಳು, ನಾವು ಹೇಳದಿದ್ದರೆ, ಕಂಪ್ಯೂಟರಿನ ರೂಢಿಯನ್ನೇ ಹಿಡಿಯುತ್ತಿದ್ದವು. ಅವನ ಹಳೆಯ ವಿಂಡೋಸ್ ಯಂತ್ರದ ರೂಢಿ ಪಶ್ಚಿಮ ಯುರೋಪಿನ ಅಕ್ಷರಗಳದ್ದು. ಕನ್ನಡಕ್ಕೆ ಅಲ್ಲಿ ಒಂದೂ ಮನೆಯಿಲ್ಲ. ಸಿಗದ ಪ್ರತಿಯೊಂದಕ್ಕೂ ಜಾವಾ ಪ್ರಶ್ನೆಚಿಹ್ನೆಯ 63 ಎಂಬ ಸಂಖ್ಯೆ ಬರೆದಿತ್ತು.

ಕನ್ನಡ-ತಮಿಳು ಗಡಿಯ ನಮ್ಮ ಜನಕ್ಕೆ ಹೆಸರು ಲಿಪಿ ದಾಟುವುದು ಹೊಸದಲ್ಲ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ಬಾಗಲೂರನ್ನು ತಮಿಳಿನಲ್ಲಿ ಬರೆದು, ಊರು ಗೊತ್ತಿಲ್ಲದವರ ಕೈಯಲ್ಲಿ ಮತ್ತೆ ಕನ್ನಡಕ್ಕೆ ತಂದರೆ ಪಾಕಲೂರು ಆದೀತು. ಗೌರಮ್ಮ ಕೌರಮ್ಮ ಆದಾರು. ಅದು ತಮಿಳಿನ ಕೊರತೆಯಲ್ಲ, ಆ ಲಿಪಿಯ ಕ್ರಮವೇ ಹಾಗೆ. ಊರು ಬಲ್ಲವರು ಓದಿದರೆ ಬಾಗಲೂರು ಬಾಗಲೂರೇ. ಆದರೆ 63ನ್ನು ಎಷ್ಟು ಬಲ್ಲವರು ನೋಡಿದರೂ ಊರು ತಿರುಗಿ ಬಾರದು. ಹತ್ತು ಸಲ 63 ಎಂದರೆ ಮೂಕಂಡಪಲ್ಲಿಯೂ ಇರಬಹುದು, ಹತ್ತು ಸಂಕೇತದ ಇನ್ನಾವ ಊರೂ ಇರಬಹುದು. ನನಗೆ ಆ ರಾತ್ರಿ ಕಸಿವಿಸಿಯಾದದ್ದು ಇದಕ್ಕೇ.

ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವ ಜೇಸನ್ ಯುಟಿಎಫ್-8ರಲ್ಲೇ ಇರಬೇಕೆಂದು 2017ರ ಆರ್‌ಎಫ್‌ಸಿ 8259 ಎಂಬ ಅಂತರಜಾಲ ಮಾನದಂಡ ಹೇಳಿದೆ. ಸ್ಪ್ರಿಂಗ್ ಬೂಟ್‌ಗೆ ಊರುಗಳ ಬರಿಯ ಪಟ್ಟಿಯನ್ನು ಕೊಟ್ಟರೆ ಸಾಕು, ಜಾಕ್ಸನ್ ಎಂಬ ಲೈಬ್ರರಿ ಜೇಸನ್ನನ್ನು ಹಾಗೆಯೇ ಬರೆದುಕೊಡುತ್ತದೆ. ಹುಡುಗ ತಾನು ಜೋಡಿಸಿದ್ದನ್ನು ಅಳಿಸಿ ಪಟ್ಟಿಯನ್ನು ಅದರ ಕೈಗೆ ಬಿಟ್ಟ. ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡಿದ. ಮೊಬೈಲನ್ನು ನನ್ನ ಕಡೆ ತಿರುಗಿಸಿ, ಪಕ್ಕದ ಕೋಣೆಯವರು ಮಲಗಿದ್ದಾರೆಂಬುದನ್ನೂ ಮರೆತು ಜೋರಾಗಿ ಓದಿದ: “ಮೂಕಂಡಪಲ್ಲಿ. ಜೂಜುವಾಡಿ. ಬಾಗಲೂರು. ಕೆಲಮಂಗಲ. ತಳಿ.”