ಆಯಿಯ ಅಜವಾನ, ನನ್ನ ಸುಳ್ಳು

ಕೌಜಲಗಿಯ ನಮ್ಮ ಮನೆಯ ಗೋಡೆಯ ಮಾಡದಲ್ಲಿ ಒಂದು ಸಣ್ಣ ಬಾಟಲಿ ಇನ್ನೂ ಇದೆ. ಆಯಿಯ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಬೆಳಗಾವಿಯ ವೈದ್ಯರು ಹೇಳಿದ ವರ್ಷ ನೆಂಟರೊಬ್ಬರು ತಂದುಕೊಟ್ಟ ಸುಗಂಧ ತೈಲ ಅದು. ದಿನಕ್ಕೆರಡು ಸಲ ಮೂಸಿದರೆ ಗಡ್ಡೆ ಕರಗುತ್ತದೆ ಎಂದು ಅದರ ಚೀಟಿಯ ಮೇಲೆ ಅಚ್ಚಾಗಿತ್ತು.

‘ಖರೇನ ಕರಗತೈತೇನ, ತಮ್ಮಾ?’ ಎಂದು ಆಯಿ ಕೇಳಿದಳು.

ವೈದ್ಯಕೀಯದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವವನು ನಾನು. ಆದರೂ ‘ಹೂಂ ಆಯಿ, ಕರಗತೈತಿ’ ಎಂದುಬಿಟ್ಟೆ. ಅವಳ ಮುಖ ಅರಳಿತು. ಮುಂದಿನ ತಪಾಸಣೆಗೆ ಹೊರಡುವ ದಿನ ‘ಎಣ್ಣಿ ಐತೆಲ್ಲ, ಇನ್ನ ಬೆಳಗಾವಿಗಿ ಯಾಕ?’ ಎಂದು ಕೂತುಬಿಟ್ಟಳು. ಎರಡು ತಿಂಗಳು ಹಾಗೇ ಹೋದವು.

ಸಮಾಧಾನಕ್ಕೆಂದು ಹೇಳಿದ ಸುಳ್ಳು ತಪ್ಪೇ? ಸುಗಂಧ ಚಿಕಿತ್ಸೆಯೇ ಮೋಸ ಎಂದು ತೀರ್ಪು ಕೊಟ್ಟರೆ ನಾನು ಸುಲಭವಾಗಿ ಪಾರಾಗುತ್ತೇನೆ. ಇತಿಹಾಸ ಹಾಗೆ ಪಾರಾಗಲು ಬಿಡುವುದಿಲ್ಲ.

17ನೇ ಶತಮಾನದ ಯುರೋಪಿನಲ್ಲಿ ಕೆಲವು ಪ್ಲೇಗ್ ವೈದ್ಯರು ಹಕ್ಕಿಯ ಕೊಕ್ಕಿನಂಥ ಮುಖವಾಡದಲ್ಲಿ ಸುಗಂಧದ ಸೊಪ್ಪು, ಹೂವು ತುಂಬಿಕೊಂಡು ರೋಗಿಯ ಬಳಿ ಹೋಗುತ್ತಿದ್ದರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂಬ ಅವರ ನಂಬಿಕೆ ತಪ್ಪಾಗಿತ್ತು. ಆದರೆ ಆ ನಂಬಿಕೆಯ ಮೇಲೆ ಅವರು ತಮ್ಮ ಜೀವವನ್ನೇ ಪಣಕ್ಕಿಟ್ಟಿದ್ದರು. ಅದು ತಪ್ಪು ತಿಳಿವಳಿಕೆ, ಸುಳ್ಳಲ್ಲ.

ನಮ್ಮ ಶ್ರೀಗಂಧದ ಎಣ್ಣೆಯನ್ನೇ ನೋಡಿ. ಬ್ರಿಟಿಷ್ ಔಷಧಕೋಶದಲ್ಲಿ ಅದಕ್ಕೆ ಸ್ಥಾನವಿತ್ತು. ಯುರೋಪಿನ ವೈದ್ಯರು ಅದನ್ನು ಗೊನೋರಿಯಾ ರೋಗಕ್ಕೆ ಕೊಡುತ್ತಿದ್ದರು. ಮೈಸೂರಿನ ಗಂಧದ ಕೊರಡು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ವ್ಯಾಪಾರ ನಿಂತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗಗಳು ನಡೆದು, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯತೊಡಗಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದಮೇಲೆ ಶ್ರೀಗಂಧ ಆ ರೋಗದ ಔಷಧಿಯಾಗಿ ಉಳಿಯಲಿಲ್ಲ. ಸಾಬೂನಿನಲ್ಲಿ, ಅತ್ತರಿನಲ್ಲಿ ಉಳಿಯಿತು. ತನಗಿಂತ ಉತ್ತಮವಾದದ್ದು ಬಂದಾಗ ಜಾಗ ಬಿಟ್ಟುಕೊಟ್ಟಿತು. ಇದರಿಂದ ಅದರ ಪರಿಮಳವೇನೂ ಕಡಿಮೆಯಾಗಲಿಲ್ಲ.

‘ಆರೋಮಾಥೆರಪಿ’ ಎಂಬ ಹೆಸರನ್ನು ಬಳಕೆಗೆ ತಂದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ-ಮೊರಿಸ್ ಗಟ್ಟೆಫೊಸ್ಸೆ. ಆ ಹೆಸರಿನ ಅವನ ಪುಸ್ತಕ ಬಂದದ್ದು 1937ರಲ್ಲಿ. ಸುಟ್ಟ ಕೈಯನ್ನು ಅವನು ಅರಿಯದೆ ಲ್ಯಾವೆಂಡರ್ ಎಣ್ಣೆಯಲ್ಲಿ ಅದ್ದಿದ, ಗಾಯ ತಟ್ಟನೆ ಮಾಯಿತು ಎಂಬ ಕಥೆ ಈಗಲೂ ಓಡಾಡುತ್ತಿದೆ. ಅವನೇ ಬರೆದದ್ದು ಬೇರೆ: 1910ರ ಆ ಅಪಘಾತದ ನಂತರ ಸುಟ್ಟ ಕೈಗಳಿಗೆ ಗ್ಯಾಂಗ್ರೀನ್ ತಗುಲಿತ್ತು, ಅವನು ತಿಳಿದೇ ಲ್ಯಾವೆಂಡರ್ ಹಚ್ಚಿದ್ದ. ಬಾಯಿಂದ ಬಾಯಿಗೆ ಹೋಗುತ್ತ ಆ ಗಾಯದ ನೋವು ಕಳೆದುಹೋಯಿತು, ಪವಾಡವಷ್ಟೇ ಉಳಿಯಿತು. ನನ್ನ ‘ಹೂಂ’ ಕೂಡ ಅಂಥದ್ದೇ.

ಅವಳು ಎರಡು ತಿಂಗಳು ಸಂತೋಷವಾಗಿದ್ದಳಲ್ಲ ಎಂದು ಗೆಳೆಯರು ನನಗೆ ಸಮಾಧಾನ ಹೇಳುತ್ತಾರೆ. ನಿಜ. ಆದರೆ ಆ ವಾಸನೆ ಅವಳಿಗೆ ಹಿಡಿಸಿತ್ತು. ಅದರ ಹಿತಕ್ಕೆ ನನ್ನ ಸುಳ್ಳು ಬೇಕಿರಲಿಲ್ಲ. ಬೆಳಗಾವಿಗೆ ಹೋಗಬೇಕೋ ಬೇಡವೋ ಎಂಬುದು ಅವಳೇ ತೀರ್ಮಾನಿಸಬೇಕಾದ ಮಾತು. ನಿಜ ಗೊತ್ತಿದ್ದು ಬೇಡ ಎಂದಿದ್ದರೆ ಅದು ಅವಳ ಹಕ್ಕು. ನಾನು ಆ ತೀರ್ಮಾನವನ್ನು ಅವಳ ಕೈಯಿಂದ ಕಿತ್ತುಕೊಂಡೆ, ಅದನ್ನು ಪ್ರೀತಿ ಎಂದುಕೊಂಡೆ.

ಸಣ್ಣವನಿದ್ದಾಗ ನನಗೆ ನೆಗಡಿಯಾದರೆ ಆಯಿ ಅಜವಾನವನ್ನು ಅರಿವೆಯಲ್ಲಿ ಕಟ್ಟಿ, ಹಂಚಿನ ಮೇಲೆ ಬೆಚ್ಚಗೆ ಮಾಡಿ ಮೂಗಿಗೆ ಹಿಡಿಯುತ್ತಿದ್ದಳು. ದಕ್ಷಿಣದವರು ಓಂಕಾಳು ಎನ್ನುವ ಈ ಕಾಳು ಇಲ್ಲಿಂದ ಜರ್ಮನಿಗೆ ಹೋಗಿ ಥೈಮಾಲ್ ಆಗುತ್ತಿತ್ತು, ಕೊಕ್ಕೆಹುಳದ ಔಷಧಿಯಾಗಿ ಜಗತ್ತು ಸುತ್ತುತ್ತಿತ್ತು ಎಂಬುದನ್ನು ನಾನು ಓದಿದ್ದು ಬಹಳ ತಡವಾಗಿ. ಆಯಿಗೆ ಅದೆಲ್ಲ ಗೊತ್ತಿರಲಿಲ್ಲ. ಅವಳು ಅನ್ನುತ್ತಿದ್ದದ್ದು ಇಷ್ಟೇ: ‘ಮೂಸು, ಹಗುರ ಅನಸತೈತಿ. ನಾಳಿಗಿ ಕಡಿಮಿ ಆಗಲಿಲ್ಲಂದ್ರ ದವಾಖಾನಿಗಿ ಹೋಗೂಣು.’

ಹಿತವನ್ನೂ ನಿಜವನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ನನ್ನ ಸರದಿ ಬಂದಾಗ ನಾನು ಅರ್ಧವನ್ನಷ್ಟೇ ಹೇಳಿದೆ.