ವಿಧೇಯತೆ ಮತ್ತು ವಿವೇಕ

ಉಪನಯನವಾಗುವ ವಟುವಿನ ಕೂದಲನ್ನು ತೆಗೆಯಿಸಿ, ಮೀಯಿಸಿ, ಹೊಸ ವಸ್ತ್ರವನ್ನೂ ಮೌಂಜಿಯನ್ನೂ ದಂಡವನ್ನೂ ಕೊಟ್ಟು, ಕಲ್ಲಿನ ಮೇಲೆ ನಿಲ್ಲಿಸುವರು. ಖಡಕವಾಸ್ಲದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರುವ ತರುಣನಿಗೆ ಮೊದಲ ದಿನಗಳಲ್ಲಿ ಆಗುವುದೂ ಬಹುಮಟ್ಟಿಗೆ ಇದೇ. ಕೂದಲು ಹೋಗುವುದು, ಮನೆಯ ಉಡುಪು ಪೆಟ್ಟಿಗೆಯನ್ನು ಸೇರುವುದು, ಸಿರಿವಂತನ ಮಗನಿಗೂ ಒಕ್ಕಲಿನವನ ಮಗನಿಗೂ ಒಂದೇ ವೇಷ. 2022ರಿಂದ ಹೆಣ್ಣುಮಕ್ಕಳೂ ಅಲ್ಲಿ ಸೇರುತ್ತಿರುವರು. ಭೇದವೊಂದುಂಟು. ಗುರುಕುಲದಲ್ಲಿ ಪರಿಪ್ರಶ್ನೆಯು ಶಿಷ್ಯಧರ್ಮ. ಕವಾಯತಿನ ಮೈದಾನದಲ್ಲಿ ಅದಕ್ಕೆ ಎಡೆಯಿಲ್ಲ.

ಸಿದ್ಧತೆಯೆಂದರೆ ಓಟ, ಈಜು, ಬೂಟಿನ ಹೊಳಪು ಎಂದು ನಮ್ಮ ಹುಡುಗರು ತಿಳಿದಿರುವರು. ಓಡಲಿ, ಹೊಸ ಬೂಟುಗಳನ್ನು ಮೊದಲೇ ಮೆಟ್ಟಿ ಹದಮಾಡಿಕೊಳ್ಳಲಿ, ಈಜು ಬಾರದವನು ಬಲ್ಲವರೊಡನೆ ಕೆರೆಗಿಳಿಯಲಿ. ಇವನ್ನೆಲ್ಲ ಅಲ್ಲಿಯ ಉಸ್ತಾದರು ಹೇಗೂ ಮಾಡಿಸಿಯಾರು. ಅವರಿಗೆ ಬಿಡಲಾಗದ ಸಿದ್ಧತೆ ಬೇರೊಂದಿದೆ. ಹದಿನೇಳು ವರ್ಷದವನು ತನ್ನ ಇಚ್ಛೆಯನ್ನು ಪರರ ಕೈಗೆ ಒಪ್ಪಿಸಲು ಹೊರಟಿರುವನಷ್ಟೆ. ಎಷ್ಟನ್ನು ಒಪ್ಪಿಸಬಹುದು? ಎಷ್ಟನ್ನು ಒಪ್ಪಿಸಲಾಗದು?

ಅರ್ಜುನನು ವಿದ್ಯೆ ಕಲಿಯುವಾಗ ಇದನ್ನು ಕೇಳಲಿಲ್ಲ. ಮರವನ್ನೂ ಅಣ್ಣತಮ್ಮಂದಿರನ್ನೂ ಗುರುವನ್ನೂ ಕಾಣೆ, ಪಕ್ಷಿಯೊಂದನ್ನೇ ಕಾಣುವೆನೆಂದು ಹೇಳಿ ದ್ರೋಣರ ಮೆಚ್ಚುಗೆಯನ್ನು ಪಡೆದನು. ಅಂದು ಕಾಣದೆ ಬಿಟ್ಟ ಬಂಧುಗಳೂ ಅದೇ ಗುರುವೂ ಕುರುಕ್ಷೇತ್ರದಲ್ಲಿ ಒಮ್ಮೆಗೇ ಕಣ್ಣಿಗೆ ಬೀಳಲು, ಗಾಂಡೀವವು ಕೈಜಾರಿತು. ಅವನಿಗಾದರೆ ಕೃಷ್ಣನು ಸಾರಥಿಯಾಗಿದ್ದನು. ನಮ್ಮ ಹುಡುಗನ ಜೀಪಿಗೆ ಅಂಥ ಸಾರಥಿ ದೊರೆಯುವನೆಂಬ ಭರವಸೆಯಿಲ್ಲ.

ಹೇಳಿದ್ದನ್ನು ಮಾಡಿದರೆ ಸಾಲದೆ, ಸೈನಿಕನಿಗೆ ಈ ವಿಚಾರವೇಕೆ ಎನ್ನುವವರುಂಟು. ಗುಂಡು ಹಾರುವ ಹೊತ್ತಿನಲ್ಲಿ ತರ್ಕ ಹೂಡುವವನಿಂದ ಪಕ್ಕದವನ ಪ್ರಾಣ ಹೋದೀತೆಂಬುದು ನಿರ್ವಿವಾದ. ಆದರೂ 1950ರ ಸೇನಾ ಕಾಯಿದೆಯ 41ನೆಯ ಕಲಮು ಅವಿಧೇಯತೆಗೆ ಶಿಕ್ಷೆ ವಿಧಿಸುವಾಗ ಬರಿಯ ಆಜ್ಞೆಯೆನ್ನದೆ, ಕಾನೂನುಸಮ್ಮತವಾದ ಆಜ್ಞೆಯೆಂದೇ ಹೇಳುವುದು. ವ್ಯಾಕರಣ ಕಲಿತವನು ವಿಶೇಷಣವನ್ನು ಲಘುವಾಗಿ ಎಣಿಸಲಾರನು. ಅದು ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದಕ್ಕಾಗಿಯೇ ಬಂದಿರುವುದು. ನ್ಯೂರೆಂಬರ್ಗಿನಲ್ಲಿ 1945-46ರಲ್ಲಿ ನಡೆದ ವಿಚಾರಣೆಯಲ್ಲಿ ಜರ್ಮನಿಯ ಸೇನಾನಾಯಕರು ಮೇಲಿನವರ ಅಪ್ಪಣೆಯನ್ನು ಮುಂದೊಡ್ಡಿದರು. ಅಷ್ಟರಿಂದಲೇ ಅವರ ದೋಷವು ತೊಡೆದುಹೋಗಲಿಲ್ಲ. 1932ರಲ್ಲಿ ಆರಂಭವಾದ ಡೆಹರಾಡೂನಿನ ಸೇನಾ ಅಕಾಡೆಮಿಯೂ ತನ್ನ ಧ್ಯೇಯವಾಕ್ಯದಲ್ಲಿ ವೀರತೆಯ ಪಕ್ಕದಲ್ಲಿಯೇ ವಿವೇಕವನ್ನು ಇರಿಸಿಕೊಂಡಿದೆ. ವಿವೇಕವೆಂಬ ಶಬ್ದಕ್ಕೂ ಬೇರ್ಪಡಿಸಿ ಅರಿಯುವುದೆಂದೇ ಅರ್ಥ.

ಆದಕಾರಣ ನಿರಾಯುಧನ ಮೇಲೆ, ಶರಣುಬಂದವನ ಮೇಲೆ ಕೈಯೆತ್ತೆನೆಂಬುದು ತರುಣನಿಗೆ ಮನೆಯಲ್ಲಿಯೇ ನಿಶ್ಚಯವಾಗಿರಬೇಕು. ಬಾಯಾರಿ, ನಿದ್ದೆಗೆಟ್ಟು, ಹೆದರಿ ನಿಂತ ಗಳಿಗೆಯು ಇಂಥ ನಿಶ್ಚಯಕ್ಕೆ ತಕ್ಕ ಕಾಲವಲ್ಲ. ಯುದ್ಧವು ಅವನ ಆಯುಷ್ಯದಲ್ಲಿ ಬಾರದೆಯೂ ಇರಬಹುದು. ಪರೀಕ್ಷೆ ಮಾತ್ರ ಅಲ್ಲಿಯ ವರೆಗೆ ಕಾಯಲಾರದು. ಮೂರು ವರ್ಷಗಳ ಆ ಶಿಕ್ಷಣದಲ್ಲಿ ಆರು ಅವಧಿಗಳು. ಒಂದು ಕಳೆದೊಡನೆ ಹೊಸಬರು ಬರುವರು, ಬೋಳುತಲೆಯ ಅಂಜುಬುರುಕ ಹುಡುಗನೊಬ್ಬನು ಇವನ ಮುಂದೆ ನೆಟ್ಟಗೆ ನಿಂತಿರುವನು. ಅವನಿಗೆ ಏನು ಅಪ್ಪಣೆ ಕೊಡುವೆ ಎಂದು ತಂದೆತಾಯಿಗಳು ಒಂದು ಸಂಜೆ ಮಗನನ್ನು ಕುಳ್ಳಿರಿಸಿಕೊಂಡು ಕೇಳಲಿ. ಪೆಟ್ಟಿಗೆಯನ್ನು ಮರುದಿನ ಕಟ್ಟಿದರೂ ನಡೆದೀತು.